ಅಂಟಿಲ್ಲದ ಮೀಸೆ

ನವೆಂಬರ್ 1 ಸಮೀಪಿಸಿದಂತೆ ವಾಸ್ಕೊ, ಝುವಾರಿನಗರ, ಮಡಗಾಂವ, ಪಣಜಿಗಳ ಕನ್ನಡ ಮನೆಗಳಲ್ಲಿ ಹಳೆಯ ಟ್ರಂಕುಗಳು ಬಾಯಿ ತೆರೆಯುತ್ತವೆ. ತಾಯಿಯ ಇಳಕಲ್ ಸೀರೆ ಕಿತ್ತೂರು ಚೆನ್ನಮ್ಮನ ಕಚ್ಚೆಯಾಗುತ್ತದೆ; ಅಜ್ಜನ ರುಮಾಲು ಸಂಗೊಳ್ಳಿ ರಾಯಣ್ಣನ ತಲೆಯನ್ನೇರುತ್ತದೆ; ರಟ್ಟಿನ ಕೊಳವೆಯೊಂದು ಓಬವ್ವನ ಒನಕೆಯಾಗುತ್ತದೆ. ಇದೇ ದಿನಗಳಲ್ಲಿ, ದೀಪಾವಳಿಯ ಮುನ್ನಾ ರಾತ್ರಿ, ಗೋವೆಯ ಓಣಿ ಓಣಿಗಳಲ್ಲಿ ನರಕಾಸುರನು ಎದ್ದು ನಿಲ್ಲುವಾಗ ನಮ್ಮ ಮಕ್ಕಳೂ ರಾಕ್ಷಸರ ಮುಖವಾಡ ಧರಿಸಿ ನಡುರಾತ್ರಿಯವರೆಗೆ ತಿರುಗುತ್ತಾರೆ. ಅದು ಮುಗಿಯಿತೆನ್ನುವಷ್ಟರಲ್ಲಿ ಶಾಲೆಯ ಸ್ನೇಹ ಸಮ್ಮೇಳನ, ಅನಂತರ ಕಾರ್ನಿವಲ್, ಅದರ ಬೆನ್ನಿಗೆ ಶಿಗ್ಮೊ. ಹೀಗೆ ಅಕ್ಟೋಬರದಿಂದ ಮಾರ್ಚದವರೆಗೆ ನಮ್ಮ ಮಕ್ಕಳ ಮುಖದ ಮೇಲೆ ಒಂದಿಲ್ಲೊಂದು ಬಣ್ಣ, ಒಂದಿಲ್ಲೊಂದು ಅಂಟು ಇದ್ದೇ ಇರುತ್ತದೆ. ಆ ಬಣ್ಣ ಮತ್ತು ಅಂಟಿನ ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕೆನಿಸಿತು.

ಬರೆಯಲು ಕಾರಣವೊಂದುಂಟು. ಎರಡು ವರ್ಷಗಳ ಹಿಂದೆ ಶಾಲೆಯೊಂದರ ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಬಣ್ಣ ಹಚ್ಚುವ ಕೋಣೆಯಲ್ಲಿ ನಾನೂ ಇದ್ದೆ. ಆರನೆಯ ಇಯತ್ತೆಯ ಹುಡುಗನೊಬ್ಬ ರಾಯಣ್ಣನಾಗಿದ್ದ. ಗಂಟಲು ದೊಡ್ಡದು, ನಡಿಗೆಯೂ ಗಂಭೀರ, ಮೀಸೆಯೊಂದೇ ಕೊರತೆ. ನಾಟಕದ ಸಾಮಾನಿನ ಅಂಗಡಿಯಿಂದ ತಂದ ಮೀಸೆಗೆ ಸ್ಪಿರಿಟ್ ಗಮ್ ಸವರಿ ಅವನ ಮೇಲ್ದುಟಿಯ ಮೇಲೆ ಒತ್ತಿದೆವು. ಐದು ನಿಮಿಷವೂ ಆಗಿರಲಿಲ್ಲ, “ಸರ್ರ, ಉರೀಲಾಕತ್ತೈತ್ರೀ” ಎಂದ. “ಸ್ವಲ್ಪ ತಡಕೊಳಪಾ, ನಿಂದ ಇನ್ನ ಹತ್ತ ನಿಮಿಷದಾಗ ಬರತೈತಿ” ಎಂದವರಲ್ಲಿ ನಾನೂ ಒಬ್ಬ. ಹುಡುಗ ತಡೆದುಕೊಂಡ. ಮಾತುಗಳನ್ನು ಚೆನ್ನಾಗಿಯೇ ಆಡಿದ, ಚಪ್ಪಾಳೆಯೂ ಬಿತ್ತು. ಮರುದಿನ ಸಂಜೆಯ ಹೊತ್ತಿಗೆ ಅವನ ತುಟಿಯ ಮೇಲ್ಭಾಗ ಬಾತು, ನೀರುಗುಳ್ಳೆಗಳೆದ್ದು, ಅನ್ನ ತಿನ್ನುವುದೂ ಕಷ್ಟವಾಯಿತು. ಗುಳ್ಳೆಗಳು ಒಣಗಿದವು, ಆದರೆ ಮೀಸೆಯ ಆಕಾರದ ಕಪ್ಪು ಕಲೆ ಹಲವು ತಿಂಗಳು ಉಳಿಯಿತು.

ಮರುವರ್ಷ ಪಾತ್ರ ಹಂಚುವಾಗ ಅವನ ತಾಯಿ ಶಾಲೆಗೆ ಬಂದು, “ಅವಂಗ ಪಾತ್ರ ಬ್ಯಾಡ್ರೀ, ಅವನ ಮೈಗೆ ಆಗಿಬರೂದಿಲ್ಲ” ಎಂದರು. ಎಲ್ಲರಿಗೂ ಅದು ಸರಿಯೆನಿಸಿತು. ಹುಡುಗನಿಗೆ ಪರದೆ ಎಳೆಯುವ ಕೆಲಸ ಸಿಕ್ಕಿತು. ಹಗ್ಗ ಹಿಡಿದು ಒಳಗೆ ನಿಂತು, ಮತ್ತೊಬ್ಬ ರಾಯಣ್ಣನ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ ಅವನನ್ನು ಕಂಡಾಗ ನನಗೊಂದು ಸಂಶಯ ಹುಟ್ಟಿತು. ಅವನ ಮೈಗೆ ಆಗಿಬಾರದಿದ್ದುದು ಒಂದು ಅಂಟು. ನಾವು ತೆಗೆದುಹಾಕಿದ್ದು ಅಂಟನ್ನಲ್ಲ, ಹುಡುಗನನ್ನು.

ಮೊದಲು ಈ ಉರಿಯ ಸ್ವರೂಪವನ್ನು ತಿಳಿಯೋಣ. “ಬಣ್ಣ ಆಗಿಬರಲಿಲ್ಲ” ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಬರಿಯ ಉರಿ: ತೀಕ್ಷ್ಣವಾದ ಪದಾರ್ಥ ತಾಗಿದಲ್ಲಿ ಚರ್ಮ ಕೆಂಪಾಗುತ್ತದೆ, ತೊಳೆದರೆ ಇಳಿಯುತ್ತದೆ, ಇದು ಯಾರಿಗಾದರೂ ಆಗಬಹುದು. ಎರಡನೆಯದು ತಡವಾಗಿ ಬರುವ ಅಲರ್ಜಿ: ಪದಾರ್ಥ ತಾಗಿ ಒಂದೆರಡು ದಿನ ಕಳೆದ ಮೇಲೆ ತುರಿಕೆ, ದದ್ದು, ನೀರುಗುಳ್ಳೆ. ಮೂರನೆಯದು ಕೂಡಲೇ ಬರುವ ಅಲರ್ಜಿ: ಕೆಲವೇ ನಿಮಿಷಗಳಲ್ಲಿ ಪಿತ್ತದ ಗಂದೆಗಳೇಳುತ್ತವೆ, ತುಟಿ ಕಣ್ಣುಗಳು ಬಾಯುತ್ತವೆ, ಉಸಿರು ಕಟ್ಟುತ್ತದೆ. ಮೊದಲಿನದು ಕಿರಿಕಿರಿ, ಎರಡನೆಯದು ಕಾಯಿಲೆ, ಮೂರನೆಯದು ಪ್ರಾಣಾಪಾಯ.

ಎರಡನೆಯ ಬಗೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಓದುಗರು ದೂರ ಹೋಗಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳಿಂದ ಬಂದು ಗೋವೆಯ ಕಟ್ಟಡಗಳನ್ನು ಕಟ್ಟಿದ ಕೈಗಳು ನಮ್ಮ ಮನೆಗಳಲ್ಲೇ ಇವೆ. ಸಿಮೆಂಟಿನ ಕೆಲಸದವರಿಗೆ ಕೈ ಬಿರಿದು, ತುರಿಸಿ, ರಸಿಕೆ ಒಸರುವ ಕಾಯಿಲೆಯನ್ನು ನೀವು ಕಂಡಿರುತ್ತೀರಿ. ಅದಕ್ಕೆ ಒಂದು ಮುಖ್ಯ ಕಾರಣ ಸಿಮೆಂಟಿನಲ್ಲಿ ಸೂಕ್ಷ್ಮ ಪ್ರಮಾಣದಲ್ಲಿರುವ ಕ್ರೋಮಿಯಂ. ಹತ್ತು ವರ್ಷ ಏನೂ ಆಗದೆ ದುಡಿದವನಿಗೆ ಹನ್ನೊಂದನೆಯ ವರ್ಷ ಅದು ಕಾಣಿಸಿಕೊಳ್ಳಬಹುದು. ಕಾಣಿಸಿಕೊಂಡ ಮೇಲೆ ಅದು ಬಿಟ್ಟುಹೋಗುವುದು ವಿರಳ. ದೇಹವು ಒಂದು ಪದಾರ್ಥವನ್ನು ವೈರಿಯೆಂದು ಗುರುತಿಸಲು ಕಾಲ ತೆಗೆದುಕೊಳ್ಳುತ್ತದೆ. ಒಮ್ಮೆ ಗುರುತಿಸಿತೆಂದರೆ ಮರೆಯುವುದಿಲ್ಲ. ಆದುದರಿಂದ “ಹೋದ ವರ್ಷ ಇದೇ ಗೋಂದು ಹಚ್ಚಿದ್ದೆವು, ಏನೂ ಆಗಲಿಲ್ಲ” ಎಂಬ ಮಾತು ಈ ವರ್ಷಕ್ಕೆ ಜಾಮೀನಾಗಲಾರದು.

ಇನ್ನು ವೇಷದ ಪೆಟ್ಟಿಗೆಯೊಳಗಿನ ಆರೋಪಿಗಳನ್ನು ಒಬ್ಬೊಬ್ಬರಾಗಿ ಕರೆಯೋಣ.

ಮೊದಲನೆಯದು ಲೇಟೆಕ್ಸ್, ಅಂದರೆ ರಬ್ಬರ್ ಮರದ ಹಾಲು. ಬ್ರೆಜಿಲ್ ಮೂಲದ ಆ ಮರ ಇಂದು ಕೇರಳದ, ಕರಾವಳಿಯ ತೋಟಗಳಲ್ಲಿ ಬೆಳೆಯುತ್ತದೆ. ಹಾಲು ಹೆಪ್ಪುಗಟ್ಟದಂತೆ ಅಮೋನಿಯಾ ಸೇರಿಸುತ್ತಾರೆ. ಡಬ್ಬಿ ತೆರೆದೊಡನೆ ಮೂಗಿಗೆ ಹೊಡೆಯುವ ವಾಸನೆ ಅದರದೇ. ಹುಸಿ ಗಾಯ, ಮುದುಕರ ಸುಕ್ಕು, ರಾಕ್ಷಸರ ಮೂಗು, ಬೋಳು ತಲೆಯ ಟೊಪ್ಪಿಗೆ, ಪೇಟೆಯಲ್ಲಿ ಸಿಗುವ ಮೆತ್ತನೆಯ ರಬ್ಬರ್ ಮುಖವಾಡ, ಹುಸಿ ಕಣ್ಣೆವೆಯ ಕೆಲವು ಗೋಂದುಗಳು ಇವೆಲ್ಲವುಗಳಲ್ಲಿ ಈ ಹಾಲು ಇರಬಹುದು. ಅದರಲ್ಲಿರುವ ಪ್ರೋಟೀನುಗಳು ಕೆಲವರಲ್ಲಿ ಮೇಲೆ ಹೇಳಿದ ಮೂರನೆಯ ಬಗೆಯ, ಅಂದರೆ ಕೂಡಲೇ ಬರುವ ಅಲರ್ಜಿಯನ್ನು ಉಂಟುಮಾಡುತ್ತವೆ. ರಬ್ಬರನ್ನು ಗಟ್ಟಿಗೊಳಿಸಲು ಕೂಡಿಸುವ ರಾಸಾಯನಿಕಗಳು ಎರಡನೆಯ ಬಗೆಯದನ್ನು ತರುತ್ತವೆ. 1980ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ರಬ್ಬರ್ ಕೈಗವಸುಗಳ ಬಳಕೆ ಬಹಳವಾಗಿ ಹೆಚ್ಚಿದಾಗ ವೈದ್ಯರಲ್ಲಿ, ದಾದಿಯರಲ್ಲಿ ಈ ತೊಂದರೆ ವ್ಯಾಪಕವಾಗಿ ಕಂಡುಬಂತು. ಕೈಗವಸಿನ ಒಳಗಿನ ಪುಡಿಯು ಆ ಪ್ರೋಟೀನುಗಳನ್ನು ಹೊತ್ತು ಗಾಳಿಯಲ್ಲಿ ಹರಡುತ್ತಿತ್ತು. ಅಮೆರಿಕವು 2017ರಲ್ಲಿ ಅಂತಹ ಪುಡಿಯ ಕೈಗವಸುಗಳನ್ನೇ ನಿಷೇಧಿಸಿತು.

ಯಾವ ಮಕ್ಕಳಿಗೆ ಅಪಾಯ ಹೆಚ್ಚು? ಇಸುಬು ಅಥವಾ ಉಬ್ಬಸ ಇರುವವರಿಗೆ. ಎಳವೆಯಲ್ಲೇ ಹಲವು ಶಸ್ತ್ರಚಿಕಿತ್ಸೆಗಳಾದವರಿಗೆ, ಅದರಲ್ಲೂ ಬೆನ್ನುಹುರಿಯ ಜನ್ಮದೋಷಕ್ಕಾಗಿ ಮತ್ತೆ ಮತ್ತೆ ಚಿಕಿತ್ಸೆ ಪಡೆದವರಿಗೆ. ಬಲೂನು ಊದಿದಾಗ ತುಟಿ ಬಾಯುವ ಮಗು, ಬಾಳೆಹಣ್ಣು, ಪಪ್ಪಾಯಿ, ಕಿವಿ ಹಣ್ಣು, ಬೆಣ್ಣೆಹಣ್ಣುಗಳನ್ನು ತಿಂದರೆ ಬಾಯಿ ತುರಿಸುತ್ತದೆಂದು ಹೇಳುವ ಮಗು ಇವರ ಮಾತನ್ನು ಹಟವೆಂದು ತಳ್ಳಿಹಾಕಬಾರದು. ಈ ಹಣ್ಣುಗಳ ಕೆಲವು ಪ್ರೋಟೀನುಗಳು ರಬ್ಬರಿನ ಪ್ರೋಟೀನುಗಳನ್ನು ಹೋಲುತ್ತವೆ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ತಾಯಂದಿರಿಗೂ ಈ ಮಾತು ಅನ್ವಯಿಸುತ್ತದೆ: ರಬ್ಬರ್ ಕೈಗವಸು ಕಳಚಿದ ಮೇಲೆ ಕೈ ತುರಿಸಿದರೆ ಸಾಬೂನನ್ನಷ್ಟೇ ಬೈಯಬೇಡಿರಿ.

ಎರಡನೆಯ ಆರೋಪಿ ಸ್ಪಿರಿಟ್ ಗಮ್. ಇದರಲ್ಲಿ ರಬ್ಬರಿಲ್ಲ, ಬದಲು ಮರದ ರಾಳವನ್ನು ಸ್ಪಿರಿಟಿನಲ್ಲಿ ಕರಗಿಸಿರುತ್ತಾರೆ. ಸ್ಪಿರಿಟು ಆರಿಹೋಗುತ್ತದೆ, ರಾಳ ಚರ್ಮವನ್ನು ಹಿಡಿದು ನಿಲ್ಲುತ್ತದೆ. ಇದಕ್ಕೆ ಬಳಸುವ ರಾಳಗಳಲ್ಲಿ ಮುಖ್ಯವಾದುದು ದೇವದಾರುವಿನ ಬಳಗದ ಪೈನ್ ಮರದ್ದು. ಟರ್ಪೆಂಟೈನ್ ಎಣ್ಣೆ ಇಳಿಸಿದ ಮೇಲೆ ಉಳಿಯುವ ಹಳದಿ ಗಟ್ಟಿ ಅದು. ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ, ಗಾಯಕ್ಕೆ ಹಚ್ಚುವ ಹಳೆಯ ಬಗೆಯ ಅಂಟುಪಟ್ಟಿಗಳಲ್ಲಿ ಇರುವುದೂ ಅದೇ. ಗಾಳಿಗೆ ತೆರೆದುಕೊಂಡ ಈ ರಾಳ ಚರ್ಮದ ಅಲರ್ಜಿಗೆ ಹೆಸರಾದ ಪದಾರ್ಥ. ಆದುದರಿಂದ ತಾಯಂದಿರಿಗೆ ಒಂದು ಸುಲಭದ ಸುಳಿವು: ಗಾಯಕ್ಕೆ ಅಂಟಿಸಿದ ಪಟ್ಟಿಯ ಆಕಾರದಲ್ಲೇ ಎಂದಾದರೂ ಮಗುವಿನ ಚರ್ಮ ಕೆಂಪಾಗಿ ತುರಿಸಿತ್ತೆಂದರೆ, ಅದನ್ನು ಬಣ್ಣ ಹಚ್ಚುವವರಿಗೆ ಮೊದಲೇ ಹೇಳಿರಿ. ಆ ಹುಡುಗನ ತಾಯಿಗೆ ಅಂತಹ ಅನುಭವವೊಂದು ನೆನಪಿತ್ತು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮೂರನೆಯದು ಪ್ರತಿಯೊಂದು ಮನೆಯ ಕನ್ನಡಿಯ ಮೇಲೂ ಅಂಟಿಕೊಂಡಿರುವ ಟಿಕಳಿ. ಕೆಲವು ಟಿಕಳಿಗಳ ಅಂಟಿನಲ್ಲಿರುವ ಒಂದು ಬಗೆಯ ಫೀನಾಲ್ ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೊಲ್ಲುತ್ತದೆ. ಆಗ ಹಣೆಯ ನಡುವೆ ಟಿಕಳಿಯ ಅಳತೆಯ ಬಿಳಿ ಮಚ್ಚೆ ಮೂಡುತ್ತದೆ. ಭಾರತದ ಚರ್ಮವೈದ್ಯರು ಇದನ್ನು ಬಹುಕಾಲದಿಂದ ಗುರುತಿಸಿದ್ದಾರೆ. ಅಂತಹದೇ ಅಂಟು ಕೆಲವು ಚಪ್ಪಲಿಗಳಲ್ಲಿಯೂ ಇರುವುದರಿಂದ ಪಾದದ ಮೇಲೆ ಪಟ್ಟಿಯಾಕಾರದ ಬಿಳುಪು ಕಾಣುವುದುಂಟು. ಇದನ್ನು ಅನೇಕರು ತೊನ್ನೆಂದು ಹೆದರಿ, ಮಗಳ ಮದುವೆಯ ಚಿಂತೆಯಲ್ಲಿ ಮುಚ್ಚಿಡುತ್ತಾರೆ. ಹೆದರಬೇಡಿರಿ, ಮುಚ್ಚಿಡಲೂ ಬೇಡಿರಿ. ಟಿಕಳಿಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ನೃತ್ಯದ ಮಕ್ಕಳ ಹಣೆ ಕೆನ್ನೆಗಳ ಮೇಲೆ ಸಾಲಾಗಿ ಅಂಟಿಸುವ ಚಮಕಿಗಳೂ ಇದೇ ಜಾತಿಯವು.

ನಾಲ್ಕನೆಯದು ಅವಸರದ ಅಂಟು. ಸ್ಪಿರಿಟ್ ಗಮ್ ಮುಗಿದಾಗ ಬಡಗಿಯ ಗೋಂದನ್ನೋ, ಕ್ಷಣದಲ್ಲಿ ಹಿಡಿಯುವ ಗೋಂದನ್ನೋ ಮುಖಕ್ಕೆ ಹಚ್ಚುವ ಸಾಹಸವನ್ನು ನಾನು ಕಂಡಿದ್ದೇನೆ. ಮರ ಮತ್ತು ಪ್ಲಾಸ್ಟಿಕ್ಕಿಗಾಗಿ ಮಾಡಿದ ಅಂಟುಗಳಿಗೆ ಮಗುವಿನ ಮುಖದ ಮೇಲೆ ಯಾವ ಕಾರಣಕ್ಕೂ ಸ್ಥಳವಿಲ್ಲ.

ನಟರ ಮೈ ಬಣ್ಣವನ್ನು ತಾಳದೆ ಹೋಗುವುದು ದೊಡ್ಡ ಊರುಗಳಲ್ಲಿಯೂ ನಡೆದ ಸಂಗತಿಯೇ. 1939ರಲ್ಲಿ ತೆರೆಕಂಡ ‘ದಿ ವಿಝರ್ಡ್ ಆಫ್ ಓಝ್’ ಎಂಬ ಅಮೆರಿಕದ ಚಿತ್ರದಲ್ಲಿ ತಗಡಿನ ಮನುಷ್ಯನ ಪಾತ್ರವೊಂದುಂಟು. ಅದಕ್ಕೆ ಮೊದಲು ಆಯ್ಕೆಯಾದವನು ಬಡಿ ಎಬ್ಸೆನ್ ಎಂಬ ನಟ. ಮುಖ ತಗಡಿನಂತೆ ಹೊಳೆಯಲೆಂದು ಅಲ್ಯೂಮಿನಿಯಂ ಪುಡಿಯನ್ನು ಉದುರಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಆ ಪುಡಿಯನ್ನು ಉಸಿರಾಡಿ ಆತ ಆಸ್ಪತ್ರೆ ಸೇರಿದ. ಅವನ ಸ್ಥಾನಕ್ಕೆ ಜ್ಯಾಕ್ ಹೇಲಿ ಎಂಬವನನ್ನು ತಂದರು. ಆಮೇಲೆ ಪುಡಿಯನ್ನು ಬಿಟ್ಟು ಲೇಪನವನ್ನು ಬಳಸಿದರು. ಬಣ್ಣವನ್ನು ಬದಲಿಸುವುದು ಸಾಧ್ಯವಿತ್ತೆಂದು ಇದರಿಂದಲೇ ಗೊತ್ತಾಗುತ್ತದೆ. ಆದರೆ ಮೊದಲು ಬದಲಾದವನು ಮನುಷ್ಯ. ನಮ್ಮ ಶಾಲೆಯ ಪರದೆಯ ಹಿಂದೆ ನಡೆದುದೂ ಇದೇ ಅಲ್ಲವೆ?

ರಬ್ಬರಿನ ಮೂಗು, ರಾಳದ ಅಂಟು ಇಲ್ಲದೆಯೂ ವೇಷ ಕಟ್ಟಬಹುದೆಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. ಯಕ್ಷಗಾನದ ಬಣ್ಣದ ವೇಷವನ್ನು ನೆನೆಯಿರಿ. ರಾಕ್ಷಸನ ಮುಖದ ಮೇಲೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುವ ಚುಟ್ಟಿಯನ್ನು ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ, ತಾಸುಗಟ್ಟಲೆ ಕುಳಿತು, ಒಂದೊಂದೇ ಹನಿಯಾಗಿ ಇಟ್ಟು ಬೆಳೆಸುತ್ತಾರೆ. ಚಿತ್ರರಂಗದವರು ರಬ್ಬರಿನಿಂದ ಮುಖವನ್ನು ಉಬ್ಬಿಸಲು ಕಲಿಯುವುದಕ್ಕಿಂತ ಬಹಳ ಮೊದಲೇ ನಮ್ಮ ಕಲಾವಿದರು ಅನ್ನದ ಧಾನ್ಯದಿಂದ ಮುಖವನ್ನು ಉಬ್ಬಿಸಿದ್ದರು. ಗೋವೆಯಲ್ಲಿಯೇ ಪೆರ್ಣಿ ಮನೆತನದವರು ಆಡುವ ಜಾಗೋರಿನಲ್ಲಿ ಬಣ್ಣ ಬಳಿದ ಮರದ ಮುಖವಾಡಗಳಿವೆ. ಪೆಡಣೆಯ ಕಡೆಯ ದಶಾವತಾರದಲ್ಲಿ ಸಂಕಾಸುರನು ಬರುವುದು ಕಪ್ಪು ಬಟ್ಟೆಯ ಮುಸುಕು ಹೊದ್ದು. ಅವನ ಕೆಂಪು ನಾಲಗೆಯೂ ಬಟ್ಟೆಯದೇ. ಅವನನ್ನು ಕಂಡು ಹೆದರದ ಮಗುವಿಲ್ಲ. ನಮ್ಮ ದೊಡ್ಡಾಟದಲ್ಲಂತೂ ವೀರನ ವೀರತ್ವವೆಲ್ಲ ಕಿರೀಟ, ಭುಜಕೀರ್ತಿ, ಎದೆಹಾರ ಮತ್ತು ಹೆಜ್ಜೆಗಳಲ್ಲಿ. ಮುಖ ಅಲ್ಲಿ ಕೊನೆಯ ಮಾತು. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಪಾತ್ರದ ಗುರುತು ಸಿಗುವುದು ಆಕಾರದಿಂದ, ನಡೆಯಿಂದ, ನುಡಿಯಿಂದ.

ಹಾಗೆಂದು ಹಳೆಯದೆಲ್ಲವೂ ಮೈಗೆ ಹಿತವೆಂದು ಭ್ರಮಿಸಬಾರದು. ಬಯಲಾಟದ ಮುಖಕ್ಕೆ ಹೊಂಬಣ್ಣ ಕೊಡುತ್ತಿದ್ದ ಅರದಾಳದಲ್ಲಿ ಇರುವುದು ಪಾಷಾಣ. ಕೆಂಪು ಕೊಡುವ ಇಂಗಳೀಕದಲ್ಲಿ ಪಾದರಸವಿದೆ. ಕೆಲವು ಸಿಂಧೂರಗಳಲ್ಲಿ ಸೀಸವಿದೆ. ನಮ್ಮ ಹಿರಿಯ ಕಲಾವಿದರು ಇವನ್ನು ಬಳಸಿದ್ದು ಬೇರೆ ದಾರಿಯಿಲ್ಲದ ಕಾಲದಲ್ಲಿ. ಅಜ್ಜನ ಪೆಟ್ಟಿಗೆಯಲ್ಲಿ ಉಳಿದ ಅರದಾಳದ ಪೊಟ್ಟಣವನ್ನು “ನೈಸರ್ಗಿಕ” ಎಂಬ ಮೋಹದಿಂದ ಮೊಮ್ಮಗಳ ಕೆನ್ನೆಗೆ ಹಚ್ಚಬೇಡಿರಿ. ಚುಟ್ಟಿಯ ಸುಣ್ಣವೂ ಪಳಗಿದ ಕೈಗೆ ಮಾತ್ರ ತಕ್ಕದ್ದು. ಎಳೆಯ ಚರ್ಮವನ್ನು, ಕಣ್ಣನ್ನು ಅದು ಸುಡಬಲ್ಲುದು. ಪರಂಪರೆಯಿಂದ ನಾವು ತೆಗೆದುಕೊಳ್ಳಬೇಕಾದುದು ಅದರ ಪದಾರ್ಥವನ್ನಲ್ಲ, ಉಪಾಯವನ್ನು: ಚರ್ಮಕ್ಕೆ ಅಂಟಿಸುವ ಬದಲು ಕಟ್ಟು, ತೊಡಿಸು, ಹೊದಿಸು.

ಮೀಸೆಯಿಂದಲೇ ಆರಂಭಿಸೋಣ. ಮೀಸೆಯ ಆಕಾರಕ್ಕೆ ತೆಳುವಾದ ಹತ್ತಿಯ ಬಟ್ಟೆಯನ್ನು ಕತ್ತರಿಸಿರಿ. ಅದರ ಮೇಲೆ ಕಸೂತಿಯ ಕಪ್ಪು ಹತ್ತಿದಾರದ ಎಳೆಗಳನ್ನು ಒತ್ತೊತ್ತಾಗಿ ಹೊಲಿದು, ತುದಿಗಳನ್ನು ಬಾಚಿ ತಿರುವಿರಿ. ಎರಡೂ ಕೊನೆಗಳಿಗೆ ಸಣ್ಣ ದಾರ ಹೊಲಿದು, ಕಿವಿಗಳ ಮೇಲಿನಿಂದ ಒಯ್ದು ಹಿಂದಲೆಯಲ್ಲಿ ಕಟ್ಟಿ, ಮೇಲೆ ರುಮಾಲು ಸುತ್ತಿದರೆ ದಾರ ಕಾಣಿಸುವುದಿಲ್ಲ. ಇಲಾಸ್ಟಿಕ್ ಬೇಡ; ಅದರೊಳಗೆ ರಬ್ಬರ್ ಇರುತ್ತದೆ. ಕಪ್ಪು ದಾರವನ್ನು ಮೊದಲು ತೊಳೆದು, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿರಿ. ಬೆವರಿಗೆ ಬಣ್ಣ ಇಳಿದರೆ ಮತ್ತೊಂದು ತಾಪತ್ರಯ. ಸೆಣಬು, ಉಣ್ಣೆಗಳು ನೋಡಲು ಚೆನ್ನ, ಆದರೆ ಚುಚ್ಚುತ್ತವೆ. ಬಳಸುವುದಾದರೆ ಒಳಬದಿಗೆ ಹತ್ತಿಬಟ್ಟೆಯ ಅಸ್ತರಿ ಕೊಡಿರಿ. ಇನ್ನೂ ಸುಲಭವೆಂದರೆ ಮಗುವಿಗೆ ಈಗಾಗಲೇ ಒಗ್ಗಿರುವ ಮನೆಯ ಕಾಡಿಗೆಯಿಂದ ಮೀಸೆ ಬರೆಯುವುದು.

ರಾಕ್ಷಸನ ಮುಖಕ್ಕೆ ಕಾಗದದ ಮುಖವಾಡವೇ ಮೇಲು. ಹಳೆಯ ಪತ್ರಿಕೆಯ ಚೂರುಗಳನ್ನು ಅಕ್ಕಿಯ ಗಂಜಿಯಲ್ಲಿ ಅದ್ದಿ, ಮಣ್ಣಿನ ಅಚ್ಚಿನ ಮೇಲೋ ಬೋಗುಣಿಯ ಬೆನ್ನಿನ ಮೇಲೋ ಐದಾರು ಪದರ ಮೆತ್ತಿ ಒಣಗಿಸಿರಿ. ಗೋವೆಯ ತೇವದ ಗಾಳಿಯಲ್ಲಿ ಇದು ಒಣಗಲು ನಾಲ್ಕೈದು ದಿನ ಹಿಡಿಯಬಹುದು. ಅವಸರ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಕೋರೆಹಲ್ಲು, ಕೊಂಬುಗಳನ್ನು ರಟ್ಟಿನಿಂದ ಮಾಡಿ ಮುಖವಾಡಕ್ಕೆ ಅಂಟಿಸಿರಿ. ಬಡಗಿಯ ಗೋಂದಿಗೆ ಇಲ್ಲಿ ಅಡ್ಡಿಯಿಲ್ಲ. ಬಣ್ಣ ಪೂರ್ತಿ ಒಣಗಿದ ಮೇಲೆ ಒಳಬದಿಗೆ ಹಳೆಯ ಧೋತರದ ಮೆತ್ತನೆಯ ಬಟ್ಟೆ ಹಚ್ಚಿ, ಕಣ್ಣು ಮೂಗು ಬಾಯಿಗಳಿಗೆ ಧಾರಾಳ ಕಿಂಡಿ ಬಿಟ್ಟು, ಹತ್ತಿಯ ಲಾಡಿಯಿಂದ ಕಟ್ಟಿರಿ. ಬರಿಯ ಮೂಗೊಂದೇ ಬೇಕಾದರೆ ಗಾಜು ತೆಗೆದ ಹಳೆಯ ಚಾಳೀಸಿನ ಕಟ್ಟಿಗೆ ರಟ್ಟಿನ ಮೂಗನ್ನು ಹೊಲಿಯಿರಿ. ಹನುಮಂತನ ಮೂತಿಗೂ ಇದೇ ಉಪಾಯ ಸಾಕು. ಕಿರೀಟದ ಕೆಳಗೆ ರಬ್ಬರ್ ಪಟ್ಟಿಯ ಬದಲು ಹತ್ತಿಯ ಬಟ್ಟೆಯನ್ನು ಸುತ್ತಿದರೆ ಅದು ಬಿಗಿಯಾಗಿಯೂ ಕೂಡುತ್ತದೆ, ಬೆವರನ್ನೂ ಹೀರುತ್ತದೆ.

ಕಾಲೇಜಿನ ಮಕ್ಕಳು, ಹವ್ಯಾಸಿ ನಾಟಕದವರು ಚಿತ್ರಗಳಂತಹ ಗಾಯ, ಸುಕ್ಕುಗಳನ್ನೇ ಬಯಸಿದರೆ ಲೇಟೆಕ್ಸಿಗೆ ಬದಲುಗಳಿವೆ. ಸಿಲಿಕೋನಿನಿಂದ ಮಾಡಿದ ತುಣುಕುಗಳಲ್ಲಿ ರಬ್ಬರ್ ಮರದ ಪ್ರೋಟೀನು ಇಲ್ಲ. ಬೆಲೆ ಮಾತ್ರ ಹೆಚ್ಚು. ಜೆಲಟಿನ್ ಮತ್ತು ಗ್ಲಿಸರಿನ್ ಕಲಸಿ ಬಿಸಿಮಾಡಿಯೂ ಹುಸಿ ಚರ್ಮ ತಯಾರಿಸುತ್ತಾರೆ. ಆದರೆ ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುವಂತಹದು. ಶಾಕಾಹಾರದ ಮನೆಗಳಲ್ಲಿ ಇದನ್ನು ಮೊದಲೇ ತಿಳಿಸುವುದು ಸೌಜನ್ಯ. ಅದು ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ಸಡಿಲಾಗುತ್ತದೆ. ಬಿಸಿಯಾಗಿರುವಾಗಲೇ ಹಚ್ಚಿದರೆ ಚರ್ಮ ಸುಡುತ್ತದೆ. ಇನ್ನೊಂದು ಮಾತು: ತುಣುಕು ರಬ್ಬರಿನದಲ್ಲವೆಂದ ಮಾತ್ರಕ್ಕೆ ಅದನ್ನು ಹಿಡಿಸುವ ಅಂಟು ನಿರಪಾಯವೆಂದಾಗಲಿಲ್ಲ. ನೀರಿನಲ್ಲಿ ಕಲಸಿದ ಅಕ್ರಿಲಿಕ್ ಅಂಟುಗಳು ಅನೇಕರಿಗೆ ಒಗ್ಗುತ್ತವೆ, ಆದರೆ ಕೆಲವರಿಗೆ ಅವೂ ಒಗ್ಗುವುದಿಲ್ಲ. “ಲೇಟೆಕ್ಸ್ ಇಲ್ಲ” ಎಂಬ ಚೀಟಿಯನ್ನು “ಅಲರ್ಜಿ ಇಲ್ಲ” ಎಂದು ಓದಬಾರದು.

ಅದಕ್ಕಾಗಿಯೇ ಪರೀಕ್ಷೆ. ಹೊಸ ಬಣ್ಣವನ್ನಾಗಲಿ ಅಂಟನ್ನಾಗಲಿ ಕಾರ್ಯಕ್ರಮಕ್ಕೆ ಕನಿಷ್ಠ ಮೂರು ದಿನ ಮೊದಲು ಮಗುವಿನ ಮೊಣಕೈಯ ಒಳಬದಿಗೆ ನಾಣ್ಯದ ಅಗಲದಷ್ಟು ಹಚ್ಚಿ ನೋಡಿರಿ. ಉರಿ ಬಂದರೆ ಕೂಡಲೇ ತೊಳೆಯಿರಿ. ಬಾರದಿದ್ದರೆ, ಕಾರ್ಯಕ್ರಮದಲ್ಲಿ ಎಷ್ಟು ಹೊತ್ತು ಇರಬೇಕಾಗುತ್ತದೆಯೋ ಅಷ್ಟು ಹೊತ್ತು ಇರಗೊಟ್ಟು ತೆಗೆದು, ಎರಡು ದಿನ ಆ ಜಾಗವನ್ನು ಗಮನಿಸಿರಿ. ಅಂದೇ ಸಂಜೆ ನೋಡಿ ‘ಸರಿಯಿದೆ’ ಎಂದರೆ ಸಾಲದು. ತಡವಾಗಿ ಬರುವ ಅಲರ್ಜಿ ತನ್ನ ಹೆಸರಿಗೆ ತಕ್ಕಂತೆ ತಡವಾಗಿಯೇ ಬರುತ್ತದೆ. ಆದರೆ ಬಲೂನಿನಿಂದಲೋ ಕೈಗವಸಿನಿಂದಲೋ ಎಂದಾದರೂ ಬಾವು, ಉಬ್ಬಸ ಕಂಡ ಮಗುವಿನ ಮೇಲೆ ರಬ್ಬರಿನ ಪದಾರ್ಥವನ್ನು ಮನೆಯಲ್ಲಿ ಪರೀಕ್ಷಿಸಲೇಬಾರದು. ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಹಚ್ಚುವುದು, ಮೊದಲೇ ಅಲರ್ಜಿಯ ಗುಳಿಗೆ ನುಂಗಿಸುವುದು ಇವು ರಕ್ಷಣೆಯಲ್ಲ. ಅಂತಹ ಮಗು ಇರುವ ವೇದಿಕೆಯ ಅಲಂಕಾರಕ್ಕೆ ಬಲೂನುಗಳೂ ಬೇಡ. ಕಾಗದದ ಹೂವುಗಳು ಅಂದವಾಗಿಯೇ ಕಾಣುತ್ತವೆ.

ಯಾವ ಪದಾರ್ಥ ಒಗ್ಗದೆಂದು ಖಚಿತವಾಗಿ ತಿಳಿಯಲು ಚರ್ಮವೈದ್ಯರಲ್ಲಿ ಪಟ್ಟಿ ಪರೀಕ್ಷೆಯುಂಟು. ಶಂಕಿತ ಪದಾರ್ಥಗಳನ್ನು ಸಣ್ಣ ಸಣ್ಣ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ತೆಗೆದು ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. 1895ರಲ್ಲಿ ಯಾಡಾಸೋನ್ ಎಂಬ ಜರ್ಮನ್ ವೈದ್ಯನು ಆರಂಭಿಸಿದ ಈ ವಿಧಾನವೇ ಇಂದಿಗೂ ತಡವಾಗಿ ಬರುವ ಅಲರ್ಜಿಗೆ ಪ್ರಮಾಣ. ರಬ್ಬರಿನ ಕೂಡಲೇ ಬರುವ ಅಲರ್ಜಿಗೆ ಮಾತ್ರ ಇದು ಸಾಲದು. ಅದರ ಪರೀಕ್ಷೆಗಳೇ ಬೇರೆ. ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಅಲ್ಲಿ ವಿಚಾರಿಸಬಹುದು. ಹೋಗುವಾಗ ತೊಂದರೆ ಕೊಟ್ಟ ಬಣ್ಣದ ಡಬ್ಬಿಯನ್ನೂ ಮೀಸೆಯನ್ನೂ ಟಿಕಳಿಯ ಹಾಳೆಯನ್ನೂ ಒಯ್ಯಿರಿ. ಭಾಷೆ ತೊಡಕಾದರೂ ವಸ್ತು ತಾನೇ ಮಾತನಾಡುತ್ತದೆ.

ವೇಷ ಹಾಕಿದ ಮೇಲೆ ಮಗುವಿನ ತುಟಿ, ಕಣ್ಣು ಬಾತರೆ, ಮೈಯೆಲ್ಲ ಗಂದೆಯೆದ್ದರೆ, ಧ್ವನಿ ಒಡೆದರೆ, ಉಸಿರಿಗೆ ಸಿಳ್ಳು ಬಂದರೆ, ತಲೆ ಸುತ್ತಿದರೆ ಕಾರ್ಯಕ್ರಮವನ್ನು ನಿಲ್ಲಿಸಿರಿ. ವೇಷವನ್ನು ಕಳಚಿ, 108ಕ್ಕೆ ಕರೆಮಾಡಿ, ಮಗುವನ್ನು ಮಲಗಿಸಿ ಕಾಲುಗಳನ್ನು ತುಸು ಎತ್ತರದಲ್ಲಿಡಿರಿ. ಉಸಿರಾಡಲು ಕಷ್ಟವಾಗುತ್ತಿದ್ದರೆ ಕೂರಿಸಿರಿ. ಎದ್ದು ನಡೆಯಗೊಡಬೇಡಿರಿ. ಇದಕ್ಕೆ ಬೇಕಾದುದು ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು. ಗುಳಿಗೆ ಕೊಟ್ಟು ಕಾದು ನೋಡುವ ಹೊತ್ತು ಅದಲ್ಲ. ಬರಿಯ ಉರಿಯಾಗಿದ್ದರೆ ಅಂಟನ್ನು ಜಗ್ಗಿ ಕೀಳದೆ, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ, ಸಾದಾ ನೀರಿನಿಂದ ತೊಳೆಯಿರಿ.

ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದು ಶಿಕ್ಷಕರ ಕೈಯಲ್ಲಿದೆ. ಪಾತ್ರ ಹಂಚುವ ದಿನವೇ ಮನೆಗೆ ಒಂದು ಚೀಟಿ ಕಳುಹಿಸಲಿ: “ಅಂಟುಪಟ್ಟಿ, ಬಲೂನು, ಟಿಕಳಿ, ಬಣ್ಣ ಇವುಗಳಲ್ಲಿ ಯಾವುದರಿಂದಲಾದರೂ ನಿಮ್ಮ ಮಗುವಿಗೆ ಎಂದಾದರೂ ತುರಿಕೆ, ಬಾವು, ಉಬ್ಬಸ ಆಗಿದೆಯೆ?” ಉತ್ತರ ಹೌದೆಂದಾದರೆ ಮಗುವಿನ ಹೆಸರನ್ನು ಪಟ್ಟಿಯಿಂದ ತೆಗೆಯುವುದಲ್ಲ, ಆ ಪದಾರ್ಥವನ್ನು ಸಾಮಾನಿನ ಪಟ್ಟಿಯಿಂದ ತೆಗೆಯುವುದು. ಓದಲು ಬಾರದ ತಾಯಂದಿರನ್ನು ಬಾಯಿಮಾತಿನಲ್ಲಿ ಕೇಳಲಿ. ದಿನಗೂಲಿ ಬಿಟ್ಟು ಶಾಲೆಗೆ ಬರಲಾಗದವರಿಗೆ ಸಂಜೆ ಫೋನು ಮಾಡಿ ವಿಚಾರಿಸಲಿ. ವೇಷದ ಕೋಣೆಯಲ್ಲಿ ಮಗು “ಉರಿಯುತ್ತದೆ” ಎಂದರೆ “ತಡಕೋ” ಎಂಬ ಮಾತು ಯಾರ ಬಾಯಿಂದಲೂ ಬಾರದಿರಲಿ.

ಮನೆಯ ಮಾತಿನ ಶಾಲೆಯಲ್ಲಿ ಓದುವ ಮಕ್ಕಳಿಗೆ ಪರನಾಡಿನಲ್ಲಿ ವೇದಿಕೆಗಳು ಬಹಳವಿಲ್ಲ. ವರ್ಷಕ್ಕೆ ಒಂದೆರಡು ಬಾರಿ, ನಾಲ್ಕು ಜನರ ಮುಂದೆ, ಗಟ್ಟಿಯಾಗಿ ಕನ್ನಡ ಮಾತನಾಡುವ ಅವಕಾಶ ಅವರಿಗೆ ಸಿಗುತ್ತದೆ. ನಂದಗಡದಲ್ಲಿ 1831ರ ಜನವರಿ 26ರಂದು ನೇಣುಗಂಬವೇರಿದ ರಾಯಣ್ಣನ ಮಾತನ್ನು ಗೋವೆಯಲ್ಲಿ ಹುಟ್ಟಿದ ಹುಡುಗ ಆಡುವಾಗ ಅವನ ಮನೆಯವರ ಮುಖದಲ್ಲಿ ಮೂಡುವ ಕಳೆಯನ್ನು ನೀವೂ ಕಂಡಿದ್ದೀರಿ. ಅಂಗಡಿಯ ಮೀಸೆಯೊಂದಕ್ಕಾಗಿ ಅದನ್ನು ಕಳೆದುಕೊಳ್ಳುವುದು ದುಬಾರಿಯ ವ್ಯಾಪಾರ.

ಆ ಹುಡುಗ ಈಗ ಎಂಟನೆಯ ಇಯತ್ತೆಯಲ್ಲಿದ್ದಾನೆ. ಈ ಸಲ ಅವನ ತಾಯಿಯೇ ಕಪ್ಪು ದಾರದಿಂದ ಮೀಸೆ ಹೊಲಿದು ಕೊಟ್ಟಿದ್ದಾರೆ. ಕಳೆದ ಶನಿವಾರದ ತಾಲೀಮಿನಲ್ಲಿ ಕಂಪನಿ ಸರಕಾರದ ಸಾಹೇಬನಿಗೆ ಎದುರುತ್ತರ ಕೊಡುವಾಗ ಮೀಸೆಯ ಒಂದು ಕೊನೆ ಜಾರಿ ಗದ್ದಕ್ಕಿಳಿಯಿತು; ಹುಡುಗರೆಲ್ಲ ನಕ್ಕರು. ಅವನು ಒಂದು ಕೈಯಿಂದ ಅದನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯ ಖಡ್ಗವನ್ನು ಇಳಿಸದೆ, ಮಾತು ಮುಗಿಸಿದ. ದಾರವನ್ನು ಇನ್ನೊಂದು ಸುತ್ತು ಬಿಗಿಯಬೇಕು, ಅಷ್ಟೆ.